ಎಲೆ ಬರೆದಿಡುವ ನೀರಿನ ಲೆಕ್ಕ

ಪೈರು ಬೇರಿನಿಂದ ಹೀರಿದ ನೀರಿನ ಬಹುಪಾಲು ಎಲೆಯಿಂದ ಆವಿಯಾಗಿ ಗಾಳಿಗೆ ಸೇರಿಹೋಗುತ್ತದೆ. ಎಲೆಯ ಮೇಲಿನ ಸೂಕ್ಷ್ಮವಾದ ಪತ್ರರಂಧ್ರಗಳು ತೆರೆದಲ್ಲದೆ ಇಂಗಾಲದ ಡೈಆಕ್ಸೈಡ್ ಅನಿಲವು ಒಳಗೆ ಬಾರದು. ಅವು ತೆರೆದೊಡನೆ ನೀರಾವಿಯು ಹೊರಬೀಳದೆ ಇರದು. ಆದರೆ ಒಂದೇ ಪ್ರಮಾಣದ ನೀರಿಗೆ ಎಲ್ಲ ತಳಿಗಳೂ ಸಮನಾಗಿ ಬೆಳೆಯುವುದಿಲ್ಲ. ನಮ್ಮ ದೇಶದಲ್ಲಿ ರಾಜಸ್ಥಾನವನ್ನು ಬಿಟ್ಟರೆ ಬರಕ್ಕೆ ತುತ್ತಾಗುವ ಭೂಮಿ ಹೆಚ್ಚಾಗಿರುವುದು ಕರ್ನಾಟಕದಲ್ಲಿ. ವಾಯುಗುಣವು ಬದಲಾಗುತ್ತಿರುವ ಈ ಕಾಲದಲ್ಲಿ ಖುಷ್ಕಿ ರೈತನಿಗೆ ಈ ವ್ಯತ್ಯಾಸವು ಬಾಳಿನ ಪ್ರಶ್ನೆಯೇ ಆಗಿದೆ.

ನೀರನ್ನು ಮಿತವಾಗಿ ಬಳಸುವ ತಳಿಯನ್ನು ಗುರುತಿಸುವುದು ಹೇಗೆ? ಗಿಡವನ್ನು ಕುಂಡದಲ್ಲಿ ಬೆಳಸಿ, ದಿನದಿನವೂ ತೂಗಿ, ಕಳೆದ ನೀರನ್ನು ಲೆಕ್ಕ ಹಾಕಬಹುದು. ನೂರಾರು ತಳಿಗಳನ್ನು ಹೀಗೆ ತೂಗುವುದು ಬಹು ಪ್ರಯಾಸದ ಕೆಲಸ. ಈ ತೊಡಕನ್ನು ಬಿಡಿಸಲು ಭೌತವಿಜ್ಞಾನವು ನೆರವಾಯಿತು.

ಗಾಳಿಯಲ್ಲಿರುವ ಇಂಗಾಲದ ನೂರು ಪರಮಾಣುಗಳಲ್ಲಿ ಸುಮಾರು 99ರ ರಾಶಿಸಂಖ್ಯೆ 12. ಉಳಿದ ಒಂದರದು 13. ಎಲೆಯೊಳಗೆ ಅನಿಲವು ಸಮೃದ್ಧವಾಗಿರುವಾಗ ಸಸ್ಯವು ಹಗುರವಾದ ಇಂಗಾಲವನ್ನು ಹೆಚ್ಚಾಗಿ ಆರಿಸಿಕೊಳ್ಳುತ್ತದೆ. ಒಳಗಿನ ಅನಿಲವು ಕಡಮೆಯಾದಾಗ, ಹಸಿದವನು ಅಕ್ಕಿ ಸಾಲದೆ ನುಚ್ಚನ್ನೂ ಉಣ್ಣುವಂತೆ, ಭಾರವಾದುದನ್ನೂ ಸ್ವೀಕರಿಸುತ್ತದೆ. ಆದುದರಿಂದ ಒಟ್ಟಿಗೆ ಬೆಳೆದ ತಳಿಗಳಲ್ಲಿ ಯಾವುದರ ಎಲೆಯಲ್ಲಿ ಭಾರದ ಇಂಗಾಲ ತುಸು ಹೆಚ್ಚಾಗಿರುವುದೋ ಅದು ನೀರನ್ನು ಹಿತಮಿತವಾಗಿ ಬಳಸಿದೆಯೆಂದು ತಿಳಿಯಬಹುದು. ಈ ವಿಚಾರದ ಸಿದ್ಧಾಂತವನ್ನು ಆಸ್ಟ್ರೇಲಿಯದ ಗ್ರಹಾಂ ಫಾರ್ಕರ್ ಮತ್ತು ಸಂಗಡಿಗರು 1982ರಲ್ಲಿ ಪ್ರಕಟಿಸಿದರು. ಅದನ್ನನುಸರಿಸಿ ಆರಿಸಿದ ‘ಡ್ರೈಸ್‌ಡೇಲ್’ ಗೋಧಿ 2002ರಲ್ಲಿ ಅಲ್ಲಿಯ ರೈತರ ಕೈಸೇರಿತು.

ಪರೀಕ್ಷೆಗೆ ಚಿಟಿಕೆಯಷ್ಟು ಒಣ ಎಲೆಯ ಪುಡಿ ಸಾಕು. ಅದನ್ನು ಸುಟ್ಟಾಗ ಬರುವ ಅನಿಲವನ್ನು ಅಯಾನುಗಳಾಗಿಸಿ ಕಾಂತಕ್ಷೇತ್ರದಲ್ಲಿ ಹಾಯಿಸಿದರೆ ಹಗುರವಾದುವು ಹೆಚ್ಚಾಗಿಯೂ ಭಾರವಾದುವು ಕಡಮೆಯಾಗಿಯೂ ಬಾಗುತ್ತವೆ. 1919ರಲ್ಲಿ ಆಸ್ಟನ್ ರಚಿಸಿದ ಉಪಕರಣದ ವಂಶಕ್ಕೆ ಸೇರಿದ ಯಂತ್ರವಿದು. 1964ರಲ್ಲಿ ಸ್ಥಾಪಿತವಾದ ಬೆಂಗಳೂರು ಕೃಷಿ ವಿಶ್ವವಿದ್ಯಾನಿಲಯದಲ್ಲಿ ಈ ವಿಧಾನವನ್ನು ನೆಲಗಡಲೆ, ಭತ್ತಗಳ ಮೇಲೆ ಪ್ರಯೋಗಿಸಿದ್ದಾರೆ. ರಾಗಿ, ಜೋಳಗಳು ಇಂಗಾಲವನ್ನು ಹಿಡಿಯುವ ಕ್ರಮವೇ ಬೇರೆಯಾದುದರಿಂದ ಅವಕ್ಕೆ ಈ ಅಳತೆ ಅಷ್ಟು ಸುಲಭವಾಗಿ ಒದಗದು.

ಹೀಗೆ ಆರಿಸಿದ ಮಾತ್ರಕ್ಕೆ ಕಣಜ ತುಂಬುವುದಿಲ್ಲ. ರಂಧ್ರಗಳನ್ನು ಮುಚ್ಚಿಕೊಂಡೇ ನೀರುಳಿಸುವ ಗಿಡ ಕುಂಠಿತವಾದೀತು. ಆಳಕ್ಕಿಳಿಯುವ ಬೇರೂ ಬೇಕು. ಹೊಲದ ಪರೀಕ್ಷೆಯಂತೂ ಇನ್ನೂ ಕಠಿನ. ಕಾಳು ಹೆಚ್ಚಿದರೂ ಮೇವು ಕಡಮೆಯಾದರೆ ದನ ಕಟ್ಟಿದವನು ಆ ಬೀಜವನ್ನು ಒಲ್ಲ. ಅವನ ಆಕ್ಷೇಪಣೆ ಪ್ರಯೋಗಶಾಲೆಗೆ ಮರಳಿ ಮುಟ್ಟಬೇಕು. ಅದನ್ನು ಮುಟ್ಟಿಸುವುದೂ, ಹೊಸ ತಳಿಯನ್ನು ರೈತನ ನೆಲದಲ್ಲಿಯೇ ಬೆಳೆದು ತೋರಿಸುವುದೂ ಕೃಷಿ ವಿಜ್ಞಾನ ಕೇಂದ್ರಗಳ ಕೆಲಸ. ಇವುಗಳಲ್ಲಿ ಮೊದಲನೆಯದು 1974ರಲ್ಲಿ ಪುದುಚೇರಿಯಲ್ಲಿ ಆರಂಭವಾಯಿತು. ಸಾಮಾನ್ಯವಾಗಿ ಒಂದೊಂದು ಕೇಂದ್ರಕ್ಕೂ ಒಬ್ಬ ಮುಖ್ಯಸ್ಥ, ಆರು ಮಂದಿ ವಿಷಯತಜ್ಞರ ಹುದ್ದೆಗಳುಂಟು. 2011ರಲ್ಲಿ ಭಾರತೀಯ ಕೃಷಿ ಅನುಸಂಧಾನ ಪರಿಷತ್ತು ಆರಂಭಿಸಿದ ವಾಯುಗುಣ ಸಂಬಂಧವಾದ ಯೋಜನೆಯಲ್ಲಿಯೂ ಹಳ್ಳಿಯ ಪ್ರಾತ್ಯಕ್ಷಿಕೆಗಳ ಹೊಣೆ ಇಂಥ ಕೇಂದ್ರಗಳದೇ.

ಭೌತವಿಜ್ಞಾನ, ರಸಾಯನವಿಜ್ಞಾನಗಳನ್ನು ಓದುವ ನಮ್ಮ ವಿದ್ಯಾರ್ಥಿಗಳು ಕೃಷಿಯನ್ನು ಪರರ ವಿಷಯವೆಂದು ಬಗೆಯುವುದುಂಟು. ದೆಹಲಿಯ ಭಾರತೀಯ ಕೃಷಿ ಅನುಸಂಧಾನ ಸಂಸ್ಥೆಯಲ್ಲಿ 1962ರಿಂದಲೇ ಕೃಷಿ ಭೌತವಿಜ್ಞಾನಕ್ಕೆ ಪ್ರತ್ಯೇಕ ವಿಭಾಗವಿದೆಯೆಂಬುದನ್ನು ಅವರು ಅರಿಯಬೇಕು. ಯಂತ್ರದ ಮುಂದೆ ಕುಳಿತು ಅಳೆಯುವವರೂ ಬೇಕು, ಹೊಲದ ಬದುವಿನ ಮೇಲೆ ನಿಂತು ಕೇಳುವವರೂ ಬೇಕು. ಇವರಿಬ್ಬರಲ್ಲಿ ಒಬ್ಬರಿಲ್ಲದಿದ್ದರೂ ಎಲೆ ಬರೆದಿಟ್ಟ ಲೆಕ್ಕದಿಂದ ರೈತನಿಗೆ ಪ್ರಯೋಜನವಾಗದು.