ಮೋಟಾರ್ ಸೈಕಲ್ಲಿನ ತಾಪಶಮನ: ಗಾಳಿಯೋ, ದ್ರವವೋ?

ಮೈಸೂರಿನ ಯಾದವಗಿರಿಯಲ್ಲಿದ್ದ ಐಡಿಯಲ್ ಜಾವಾ ಕಾರ್ಖಾನೆಯ ಹೆಸರನ್ನು ಕೇಳದ ಹಿರಿಯರು ನಮ್ಮ ಕನ್ನಡ ಮನೆಗಳಲ್ಲಿ ವಿರಳ. 1961ರಲ್ಲಿ ಅಂದಿನ ರಾಜ್ಯಪಾಲರಾಗಿದ್ದ ಶ್ರೀ ಜಯಚಾಮರಾಜ ಒಡೆಯರ್ ಅವರಿಂದ ಉದ್ಘಾಟನೆಗೊಂಡ ಆ ಕಾರ್ಖಾನೆ 1996ರಲ್ಲಿ ಮುಚ್ಚಿತು. ಅಲ್ಲಿ ತಯಾರಾದ ಜಾವಾ, ಯೆಜ್ಡಿ ಬೈಕುಗಳು ಗಾಳಿಯಿಂದ ತಣಿಯುವ ಟೂ ಸ್ಟ್ರೋಕ್ ಎಂಜಿನ್ನಿನವು. 2018ರಲ್ಲಿ ಜಾವಾ, 2022ರಲ್ಲಿ ಯೆಜ್ಡಿ ಹೊಸ ರೂಪದಲ್ಲಿ ಮತ್ತೆ ಮಾರುಕಟ್ಟೆಗೆ ಬಂದವು. ಮಧ್ಯಪ್ರದೇಶದ ಪೀಥಂಪುರದಲ್ಲಿ ತಯಾರಾದ ಈ ಬೈಕುಗಳದ್ದು ದ್ರವದಿಂದ ತಣಿಯುವ ಫೋರ್ ಸ್ಟ್ರೋಕ್ ಎಂಜಿನ್. ಈ ಬದಲಾವಣೆಗೆ ಕಾರಣವೇನು, ತಿರುನೆಲ್ಲಿಯಂತಹ ಕಾಡಿನ ಹಾದಿಯಲ್ಲಿ ಓಡಾಡುವವರಿಗೆ ಯಾವುದು ಹಿತ ಎಂಬುದನ್ನು ವಿಚಾರಿಸುವುದು ಈ ಲೇಖನದ ಉದ್ದೇಶ.

ಸಿಲಿಂಡರಿನೊಳಗೆ ಪೆಟ್ರೋಲು ಉರಿದಾಗ ಅನಿಲದ ಉಷ್ಣತೆ ಕ್ಷಣಕಾಲ 2000 ಡಿಗ್ರಿ ಸೆಲ್ಸಿಯಸ್ಸನ್ನೂ ಮೀರುತ್ತದೆ. ಪಿಸ್ಟನ್ನಿಗೆ ಮೂಲವಾದ ಅಲ್ಯೂಮಿನಿಯಂ 660 ಡಿಗ್ರಿಯಲ್ಲೇ ಕರಗುವ ಲೋಹ. ಇಂಧನದ ಶಕ್ತಿಯಲ್ಲಿ ಸುಮಾರು ಕಾಲುಭಾಗ ಮಾತ್ರ ಚಕ್ರವನ್ನು ತಿರುಗಿಸಲು ಒದಗುತ್ತದೆ. ಉಳಿದುದರಲ್ಲಿ ಒಂದು ಪಾಲು ಸೈಲೆನ್ಸರಿನ ಮೂಲಕ ಹೊರಬೀಳುತ್ತದೆ. ಮತ್ತೊಂದು ಪಾಲು ಶಾಖವನ್ನು ಎಂಜಿನ್ನಿನ ಮೈಯಿಂದಲೇ ಹೊರಗೆ ಕಳಿಸಬೇಕು. ಹಾಗಾಗದಿದ್ದರೆ ಎಣ್ಣೆ ತೆಳುವಾಗಿ, ಪಿಸ್ಟನ್ ಹಿಗ್ಗಿ, ಸಿಲಿಂಡರಿನ ಗೋಡೆಗೆ ಕಚ್ಚಿಕೊಳ್ಳುತ್ತದೆ. ಮೆಕ್ಯಾನಿಕರು ‘ಎಂಜಿನ್ ಸೀಜ್ ಆಯಿತು’ ಎನ್ನುವುದು ಇದನ್ನೇ.

ಗಾಳಿಯಿಂದ ತಣಿಯುವ ಎಂಜಿನ್ನಿನ ಹೊರಮೈಯಲ್ಲಿ ಸಾಲುಸಾಲಾಗಿ ತೆಳುವಾದ ಲೋಹದ ಫಿನ್ನುಗಳಿರುತ್ತವೆ. ಶಾಖವು ಅವುಗಳಿಗೆ ಹರಡಿ, ಬೈಕು ಓಡುವಾಗ ಬೀಸುವ ಗಾಳಿಗೆ ಸೇರಿಹೋಗುತ್ತದೆ. ಪಂಪು, ರೇಡಿಯೇಟರ್, ರಬ್ಬರ್ ಕೊಳವೆ ಯಾವುದೂ ಇಲ್ಲದ ಕಾರಣ ತೂಕ ಕಡಿಮೆ, ಬೆಲೆ ಕಡಿಮೆ, ಸೋರುವ ಭಯವೂ ಇಲ್ಲ. ಆದರೆ ಬೈಕು ನಿಂತರೆ ಗಾಳಿಯೂ ನಿಂತಂತೆ. ಏರಿನಲ್ಲಿ ಒಂದನೆಯ ಗೇರಿನಲ್ಲಿ ನಿಧಾನವಾಗಿ ಸಾಗುವಾಗ ಎಂಜಿನ್ ದುಡಿಯುವುದು ಹೆಚ್ಚು, ಅದಕ್ಕೆ ದೊರೆಯುವ ಗಾಳಿ ಕಡಿಮೆ.

ದ್ರವದ ವ್ಯವಸ್ಥೆಯನ್ನು ತಿಳಿಯಲು ನಮ್ಮೂರಿನ ಉದಾಹರಣೆಯೇ ಸಾಕು. ತಿರುನೆಲ್ಲಿ ದೇವಾಲಯಕ್ಕೆ ಬೆಟ್ಟದ ನೀರನ್ನು ಕಂಬಗಳ ಮೇಲಿನ ಕಲ್ಲುದೋಣಿಗಳ ಸಾಲಿನಲ್ಲಿ ತಂದಿರುವುದನ್ನು ಎಲ್ಲರೂ ಕಂಡಿದ್ದೇವೆ. ಅಲ್ಲಿ ಇಳಿಜಾರು ಮಾಡುವ ಕೆಲಸವನ್ನು ಎಂಜಿನ್ನಿನಲ್ಲಿ ಒಂದು ಪುಟ್ಟ ಪಂಪು ಮಾಡುತ್ತದೆ. ಸಿಲಿಂಡರಿನ ಸುತ್ತಲಿನ ಪೊಳ್ಳಿನಲ್ಲಿ ಹರಿದ ದ್ರವ ಶಾಖವನ್ನು ಹೊತ್ತು ರೇಡಿಯೇಟರಿಗೆ ಬಂದು, ಅಲ್ಲಿ ತಣಿದು ಹಿಂದಿರುಗುತ್ತದೆ. ಸಮತೂಕದ ಗಾಳಿಗಿಂತ ನೀರು ನಾಲ್ಕು ಪಟ್ಟು ಶಾಖವನ್ನು ಹೊರಬಲ್ಲದು. ಸಮಗಾತ್ರಕ್ಕೆ ಲೆಕ್ಕ ಹಾಕಿದರೆ ಇದು ಮೂರು ಸಾವಿರ ಪಟ್ಟಿಗೂ ಮಿಗಿಲು. ಎಂಜಿನ್ ಚಾಲನೆಯಲ್ಲಿದ್ದು ಬೈಕು ನಿಂತಿದ್ದರೂ ವಿದ್ಯುತ್ ಫ್ಯಾನು ತಿರುಗಿ ರೇಡಿಯೇಟರನ್ನು ತಣಿಸುತ್ತದೆ.

ಹೀಗೆ ಉಷ್ಣತೆ ಒಂದೇ ಮಟ್ಟದಲ್ಲಿ ನಿಲ್ಲುವುದರಿಂದ ಬಿಡಿಭಾಗಗಳ ನಡುವಣ ಅಂತರವನ್ನು ಕಿರಿದಾಗಿಡಬಹುದು, ಇಂಧನವನ್ನು ಹೆಚ್ಚು ಒತ್ತಡದಲ್ಲಿ ಉರಿಸಬಹುದು. ಹೊಸ ಜಾವಾ 293 ಸಿ.ಸಿ.ಯ ಎಂಜಿನ್ನಿನಿಂದ ಸುಮಾರು 27 ಅಶ್ವಶಕ್ತಿ ಪಡೆದರೆ, ಇಂದಿಗೂ ಗಾಳಿ ಮತ್ತು ಎಣ್ಣೆಯನ್ನೇ ನಂಬಿರುವ 349 ಸಿ.ಸಿ.ಯ ಬುಲೆಟ್ ಪಡೆಯುವುದು ಸುಮಾರು 20. ಹೊಗೆಯ ನಿಯಮಗಳನ್ನು ಪಾಲಿಸಲೂ ಈ ಸ್ಥಿರತೆ ನೆರವಾಗುತ್ತದೆ. ಆದರೂ 2020ರ ಏಪ್ರಿಲ್ 1ರಿಂದ ಜಾರಿಗೆ ಬಂದ ಭಾರತ್ ಸ್ಟೇಜ್ 6 ನಿಯಮವನ್ನು ಬುಲೆಟ್, ಸ್ಪ್ಲೆಂಡರ್‌ಗಳೂ ಪಾಲಿಸಿವೆ. ಆದುದರಿಂದ ಗಾಳಿಯ ಎಂಜಿನ್ನಿನ ಕಾಲ ಮುಗಿಯಿತೆನ್ನುವುದು ಆತುರದ ಮಾತು.

ಇನ್ನು ನಮ್ಮ ದಾರಿಯ ವಿಚಾರ. ಕುಟ್ಟದಿಂದ ತೋಲ್ಪೆಟ್ಟಿಯ ಮಾರ್ಗವಾಗಿ ತಿರುನೆಲ್ಲಿಗೆ ಬರುವ ರಸ್ತೆ ಬಹುಪಾಲು ಕಾಡಿನೊಳಗಿನದು. ವನ್ಯಪ್ರಾಣಿಗಳ ಸಲುವಾಗಿ ಇಲ್ಲಿ ನಿಧಾನವಾಗಿಯೇ ಸಾಗಬೇಕು. ಹಳೆಯ ಬೈಕಿನವರು ಫಿನ್ನುಗಳ ನಡುವೆ ಕೆಸರು ಕಟ್ಟದಂತೆ ನೋಡಿಕೊಳ್ಳಬೇಕು. ಎಣ್ಣೆಯನ್ನು ಪೆಟ್ರೋಲಿಗೇ ಬೆರೆಸುವ ಯೆಜ್ಡಿಯಲ್ಲಿ, ಉದ್ದದ ಇಳಿಜಾರಿನಲ್ಲೂ ಆಗಾಗ ಆಕ್ಸಿಲರೇಟರ್ ತಿರುವಬೇಕು. ಪೂರ್ತಿ ಮುಚ್ಚಿದರೆ ಪೆಟ್ರೋಲಿನೊಂದಿಗೆ ಎಣ್ಣೆಯೂ ತಗ್ಗಿ ಪಿಸ್ಟನ್ ಒಣಗುತ್ತದೆ. ಹೊಸ ಬೈಕಿನವರು ಕೂಲೆಂಟಿನ ಮಟ್ಟವನ್ನು ಹೊರಡುವ ಮೊದಲೇ ಪರೀಕ್ಷಿಸಬೇಕು. ಉಷ್ಣತೆಯ ಎಚ್ಚರಿಕೆ ದೀಪ ಹೊತ್ತಿದರೆ ಸುರಕ್ಷಿತ ಸ್ಥಳದಲ್ಲಿ ನಿಲ್ಲಿಸಿ, ಎಂಜಿನ್ ಪೂರ್ತಿ ತಣಿಯುವವರೆಗೆ ರೇಡಿಯೇಟರಿನ ಮುಚ್ಚಳಕ್ಕೆ ಕೈ ಹಚ್ಚಲೇಬಾರದು. ಒತ್ತಡದಲ್ಲಿರುವ ಆ ದ್ರವ 100 ಡಿಗ್ರಿಗೂ ಮಿಗಿಲಾಗಿ ಕಾದಿದ್ದು, ಚಿಮ್ಮಿದರೆ ಮುಖವನ್ನೇ ಸುಡಬಲ್ಲದು. ತುರ್ತಿಗೆ ತೊರೆಯ ನೀರು ತುಂಬಿದರೂ, ಊರು ಸೇರಿದೊಡನೆ ಅದನ್ನು ತೆಗೆಸಿ ಸರಿಯಾದ ಕೂಲೆಂಟ್ ಹಾಕಿಸಬೇಕು. ಇಲ್ಲವಾದರೆ ಒಳಗೆ ತುಕ್ಕೂ ಸುಣ್ಣದ ಹರಳೂ ಕಟ್ಟುತ್ತವೆ.

ದಿನವೂ ಹತ್ತಾರು ಕಿಲೋಮೀಟರು ಸಾಧಾರಣ ವೇಗದಲ್ಲಿ ಸಂಚರಿಸುವವರಿಗೆ ಗಾಳಿಯಿಂದ ತಣಿಯುವ ಎಂಜಿನ್ನೇ ಮಿತವ್ಯಯದ್ದು. ಮೈಸೂರು, ಬೆಂಗಳೂರುಗಳಿಗೆ ಹೆದ್ದಾರಿಯಲ್ಲಿ ಪದೇ ಪದೇ ಹೋಗುವವರಿಗೆ ದ್ರವದ ವ್ಯವಸ್ಥೆ ಅನುಕೂಲ. ಆದರೆ ಅದನ್ನು ಬಲ್ಲ ಮೆಕ್ಯಾನಿಕ್ ಹತ್ತಿರದಲ್ಲಿದ್ದಾನೆಯೇ ಎಂದು ಕೊಳ್ಳುವ ಮೊದಲೇ ವಿಚಾರಿಸುವುದು ಲೇಸು. ಮಕ್ಕಳಿಗೆ ಬೈಕು ಕೊಡಿಸುವ ಪಾಲಕರು ಅದರ ಅಂದಕ್ಕಿಂತ ಮೊದಲು ಈ ಸಂಗತಿಗಳನ್ನು ಗಮನಿಸಬೇಕೆಂದು ವಿನಂತಿ.