ಬೆಂಕಿ ಗಾಡಿ ಬರೋ ತನಕ ಯಾರು?

ಮನೆಗೆ ಬೆಂಕಿ ಬಿದ್ದರೆ ಏನು ಮಾಡ್ತೀರಿ ಅಂತ ಕೇಳಿದರೆ ನಮ್ಮೆಲ್ಲರದ್ದೂ ಒಂದೇ ಉತ್ತರ: ಫೋನ್ ಮಾಡ್ತೀವಿ. ಸರಿ. ಆದರೆ ಗಾಡಿ ಬರೋ ತನಕ?

ಲೆಕ್ಕ ಸುಲಭ. ಠಾಣೆಯಿಂದ 20 ಕಿ.ಮೀ. ದೂರದ ಹಳ್ಳಿಗೆ, ಗಂಟೆಗೆ 60 ಕಿ.ಮೀ. ವೇಗದಲ್ಲಿ ಎಲ್ಲೂ ನಿಲ್ಲದೆ ಬಂದರೂ 20 ನಿಮಿಷ ಬೇಕು. ಹುನಗುಂದದ ಕಡೆಯ ಒಣ ಕಣಿಕಿ ಬಣವಿ ಅಷ್ಟು ಹೊತ್ತು ಕಾಯೋದಿಲ್ಲ. ಇಳಕಲ್‌ನ ಮಗ್ಗದ ಮನೆಯಲ್ಲಿರೋ ನೂಲು, ರೇಷ್ಮೆಯೂ ಕಾಯೋದಿಲ್ಲ. ಹಳೆ ಬಾಗಲಕೋಟೆ, ಬಾದಾಮಿಯ ಇಕ್ಕಟ್ಟಾದ ಓಣಿಗಳಲ್ಲಂತೂ ಊರಿಗೆ ಬಂದ ಗಾಡಿ ಮನೆ ಮುಟ್ಟೋದೇ ಕಷ್ಟ.

ಇಂಥ ಊರುಗಳಲ್ಲಿ ಮೊದಲು ಬೆಂಕಿ ಆರಿಸುತ್ತಿದ್ದದ್ದು ಓಣಿಯ ಮಂದಿ. "ಬೆಂಕಿ ಹತ್ತೈತಿ, ಬರ್ರೋ!" ಅಂದರೆ ಸಾಕು, ಬಾವಿಯಿಂದ ಮನೆವರೆಗೆ ಸಾಲು ನಿಂತು ಕೊಡ ದಾಟಿಸೋರು. ಕೆಲವರು ಹತ್ತಿರದ ಬಣವಿ ಎಳೆದು ದೂರ ಹಾಕೋರು, ಕೆಲವರು ದನದ ಹಗ್ಗ ಬಿಚ್ಚಿ ಹೊಡೆಯೋರು. ಸಮವಸ್ತ್ರ ಇಲ್ಲ, ಹಾಜರಿ ಪುಸ್ತಕ ಇಲ್ಲ. ನಮ್ಮ ಸ್ವಯಂಸೇವಕ ಅಗ್ನಿಶಾಮಕ ದಳ ಅಂದರೆ ಇದೇ.

ಬೇರೆ ಕಡೆ ಇದೇ ಕೆಲಸಕ್ಕೆ ಹೆಸರು, ನಿಯಮ ಬಂತು. 1736ರಲ್ಲಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ ಬೆಂಜಮಿನ್ ಫ್ರಾಂಕ್ಲಿನ್ ಮತ್ತು ಗೆಳೆಯರು ಯೂನಿಯನ್ ಫೈರ್ ಕಂಪನಿ ಕಟ್ಟಿದರು. ಪ್ರತಿ ಸದಸ್ಯನೂ ಚರ್ಮದ ಬಕೆಟ್‌ಗಳನ್ನು ಸದಾ ಸಿದ್ಧ ಇಟ್ಟಿರಬೇಕಿತ್ತು. ಚಿಲಿ ದೇಶದಲ್ಲಿ ಇವತ್ತಿಗೂ ಬೆಂಕಿ ಆರಿಸೋರು ಸಂಬಳವಿಲ್ಲದ ಸ್ವಯಂಸೇವಕರೇ.

ನಮ್ಮಲ್ಲಿ ದಾರಿ ಬೇರೆಯಾಯಿತು. 1956ರವರೆಗೆ ಈ ಊರುಗಳೆಲ್ಲ ಮುಂಬಯಿ ರಾಜ್ಯದಲ್ಲಿದ್ದವು. ಅಲ್ಲಿನ 1901ರ ಪುರಸಭೆ ಕಾಯ್ದೆ ಬೆಂಕಿ ಆರಿಸೋದನ್ನು ಪುರಸಭೆಯ ಕರ್ತವ್ಯಗಳಲ್ಲಿ ಸೇರಿಸಿತ್ತು. ಏಕೀಕರಣದ ನಂತರ, 1964ರ ಅಗ್ನಿಶಾಮಕ ಕಾಯ್ದೆಯಿಂದ ಆ ಹೊಣೆ ರಾಜ್ಯದ ದಳಕ್ಕೆ ಬಂತು. ಅಗತ್ಯ ಬಿದ್ದರೆ ಸ್ವಯಂಸೇವಕರನ್ನು ಸೇರಿಸಿ ಸಹಾಯಕ ದಳ ಕಟ್ಟಲಿಕ್ಕೂ ಆ ಕಾಯ್ದೆಯಲ್ಲಿ ಜಾಗ ಇದೆ.

ತರಬೇತಿ ಪಡೆದ ದಳ ಬಂದದ್ದು ದೊಡ್ಡ ಲಾಭ. ಅದು ಎಂಥ ಅಪಾಯದ ಕೆಲಸ ಅನ್ನೋದಕ್ಕೆ ಏಪ್ರಿಲ್ 14ರ ಅಗ್ನಿಶಾಮಕ ದಿನವೇ ಸಾಕ್ಷಿ. 1944ರ ಅದೇ ದಿನ ಮುಂಬಯಿ ಬಂದರಿನಲ್ಲಿ ಹಡಗು ಸ್ಫೋಟಿಸಿ, ಬೆಂಕಿ ಆರಿಸಲು ಹೋದ ಹತ್ತಾರು ಸಿಬ್ಬಂದಿ ಜೀವ ಕಳೆದುಕೊಂಡರು.

ಆದರೆ ದಳ ಬಂತು ಅಂತ ಓಣಿ ತನ್ನ ಕೆಲಸ ಮರೆತುಬಿಟ್ಟಿತು. ಬಾವಿ ಹಾಳುಬಿತ್ತು. ಕೊಡ ಹೊರುವ ವಯಸ್ಸಿನವರು ನಾವು, ಬೆಂಗಳೂರು, ಪುಣೆ ಸೇರಿದೆವು. ಮನೆಯಲ್ಲಿ ಉಳಿದವರು ಅಪ್ಪ, ಅವ್ವ. ನಮ್ಮ ಆಫೀಸಿನಲ್ಲಿ ಮಧ್ಯರಾತ್ರಿ ಸರ್ವರ್ ಕೈಕೊಟ್ಟರೆ ಮೊದಲು ಯಾರು ಏಳಬೇಕು ಅಂತ ಪಟ್ಟಿ ಇರುತ್ತದೆ. ನಮ್ಮ ಓಣಿಗೆ ಅಂಥ ಪಟ್ಟಿ ಇದೆಯಾ?

ಬನಶಂಕರಿ ಜಾತ್ರೆಗೋ ದೀಪಾವಳಿಗೋ ಊರಿಗೆ ಹೋದಾಗ ಒಂದು ಗಂಟೆ ಇದಕ್ಕೆ ಕೊಡಿ. ಮೇನ್ ಸ್ವಿಚ್ ಎಲ್ಲಿದೆ, ಸಿಲಿಂಡರ್ ಹೇಗೆ ಬಂದ್ ಮಾಡಬೇಕು ಅಂತ ಮನೆಯವರಿಗೆಲ್ಲ ತೋರಿಸಿ. ಬಾಣಲೆ ಎಣ್ಣೆಗೆ ಬೆಂಕಿ ಹತ್ತಿದರೆ ನೀರು ಹಾಕಬಾರದು. ಒಲೆ ಆರಿಸಿ, ಮುಚ್ಚಳ ಮುಚ್ಚಬೇಕು. ನೀರಿನ ತೊಟ್ಟಿಯ ನಲ್ಲಿಗೆ ಸೇರೋ ಉದ್ದನೆ ಪೈಪ್ ಒಂದಿರಲಿ. ಮೊದಲು ಮಂದಿ ಹೊರಗೆ ಬರಬೇಕು, ತಕ್ಷಣ 112ಕ್ಕೆ ಫೋನ್ ಹೋಗಬೇಕು, ಸಾಮಾನಿನ ಮಾತು ಆಮೇಲೆ.

ಕೊನೆಗೆ, ಪಕ್ಕದ ನಾಲ್ಕು ಮನೆಯವರ ನಂಬರ್ ದೊಡ್ಡ ಅಕ್ಷರದಲ್ಲಿ ಬರೆದು ಗೋಡೆಗೆ ಅಂಟಿಸಿ ಬನ್ನಿ. ನಿಮಗಿಂತ ಮೊದಲು ಓಡಿಬರೋರು ಅವರೇ.