ಒಂದೇ ಅಳಿವೆ, ಎರಡು ಕಾಲ

ಹರಿಹರ ತಾಲ್ಲೂಕಿನ ಕೊಕ್ಕನೂರಿನವರಾದ ನಮಗೆ ಸಮುದ್ರ ದಾಟಿದವನೆಂದರೆ ಊರ ದೇವರು ಹನುಮಪ್ಪ ಒಬ್ಬನೇ. ಅವನಿಗೆ ಡೀಸೆಲ್ ಬೇಕಿರಲಿಲ್ಲ. ಮಲ್ಪೆ ಬಂದರಿಗೆ ಡೀಸೆಲ್ ಇಲ್ಲದೆ ಬೆಳಗಾಗುವುದಿಲ್ಲ.

ಆಗುಂಬೆ ಘಾಟಿ ಇಳಿದು ಇಲ್ಲಿ ಕಾಲಿಟ್ಟಾಗ ಮಳೆ ಹಿಡಿದಿತ್ತು. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧ. ಹಾಗಾಗಿ ಧಕ್ಕೆಯುದ್ದಕ್ಕೂ ಬೋಟುಗಳು ಮೈಗೆ ಮೈ ತಾಗಿಸಿ ನಿಂತಿವೆ. ಎಂಜಿನ್ ಬಿಚ್ಚುವ ಕಾಲವೂ ಇದೇ. ಹಿಂದಿನ ಗಲ್ಲಿಯ ವರ್ಕ್‌ಶಾಪಿನಲ್ಲಿ ಪ್ರೊಪೆಲ್ಲರ್ ಶಾಫ್ಟೊಂದು ಲೇತಿಗೆ ಏರಿದೆ. ಲೇತಿನ ಮೈಮೇಲೆ ಬಣ್ಣ ಹಾರಿದ ತಗಡು: ಮೈಸೂರ್ ಕಿರ್ಲೋಸ್ಕರ್, ಹರಿಹರ. 1941ರಲ್ಲಿ ಶುರುವಾದ ಆ ಕಾರ್ಖಾನೆ ಬಾಗಿಲು ಹಾಕಿ ಇಪ್ಪತ್ತು ವರ್ಷ ದಾಟಿತು. ಅದು ಮಾಡಿಕೊಟ್ಟ ಯಂತ್ರ ಮಾತ್ರ ಕಡಲಂಚಿನಲ್ಲಿ ಇನ್ನೂ ಕಬ್ಬಿಣ ಕಡೆಯುತ್ತಿದೆ. ನಮ್ಮ ಕಡೆಯವರಿಗೂ ಈ ಸಮುದ್ರದಲ್ಲಿ ಒಂದು ಪಾಲುಂಟು ಅಂತಾಯಿತು.

ಡೀಸೆಲ್ ಬಿಟ್ಟು ಬ್ಯಾಟರಿಯಲ್ಲಿ ಓಡುವ ಬೋಟಿನ ಮಾತೆತ್ತಿದಾಗ ವರ್ಕ್‌ಶಾಪಿನ ಮೆಕ್ಯಾನಿಕ್ ತಲೆಯೆತ್ತದೆ ನಕ್ಕರು. "ಹತ್ತು ದಿನ ಆಳಸಮುದ್ರದಲ್ಲಿ ಬಲೆ ಎಳೀಬೇಕು ಮಾರಾಯ್ರೆ. ಬ್ಯಾಟರಿ ತುಂಬಿಸಿದ್ರೆ ಐಸ್ ಎಲ್ಲಿಡುದು, ಮೀನು ಎಲ್ಲಿಡುದು?"

ಅವರು ಹೇಳಿದ್ದು ಸರಿಯೇ. ಆದರೆ ಬಂದರಿನ ನೆರೆಯಲ್ಲೇ ಬೇರೆ ಲೆಕ್ಕ ನಡೆದಿದೆ. ದಿವಾಳಿಯಾಗಿದ್ದ ತೆಬ್ಮಾ ಹಡಗುಕಟ್ಟೆಯನ್ನು 2020ರಲ್ಲಿ ಕೊಚ್ಚಿನ್ ಶಿಪ್‌ಯಾರ್ಡ್ ಕೊಂಡಿತು. ಈಗಿನ ಹೆಸರು ಉಡುಪಿ ಕೊಚ್ಚಿನ್ ಶಿಪ್‌ಯಾರ್ಡ್. 2023ರಲ್ಲಿ ನಾರ್ವೆಯ ವಿಲ್ಸನ್ ಕಂಪನಿ ಇಲ್ಲಿಗೆ ಆರು ಸರಕು ಹಡಗುಗಳ ಆರ್ಡರ್ ಕೊಟ್ಟಿತು. ತಲಾ 3,800 ಟನ್ ಸಾಮರ್ಥ್ಯ, 89.43 ಮೀಟರ್ ಉದ್ದ, ಡೀಸೆಲ್-ಎಲೆಕ್ಟ್ರಿಕ್. ಅಂದರೆ ಎಂಜಿನ್ ನೇರವಾಗಿ ಪ್ರೊಪೆಲ್ಲರ್ ತಿರುಗಿಸುವುದಿಲ್ಲ. ಜನರೇಟರ್ ಕರೆಂಟ್ ಉತ್ಪಾದಿಸುತ್ತದೆ, ಮೋಟಾರ್ ತಿರುಗಿಸುತ್ತದೆ. ನಾಳೆ ಬ್ಯಾಟರಿಯೋ ಬೇರೆ ಇಂಧನವೋ ಅಗ್ಗವಾದರೆ ಜನರೇಟರ್ ಕಡೆ ಬದಲಾಯಿಸಿದರಾಯಿತು, ಮೋಟಾರಿಗೆ ಕೈಹಚ್ಚಬೇಕಿಲ್ಲ. ನನ್ನ ಕಣ್ಣಿಗೆ ಇಡೀ ವಿನ್ಯಾಸದ ಜಾಣತನ ಇರುವುದು ಇಲ್ಲೇ. ಹಡಗೊಂದರ ಆಯಸ್ಸು ಇಪ್ಪತ್ತೈದು ವರ್ಷದ ಮೇಲೆ. ಅಂತರರಾಷ್ಟ್ರೀಯ ಕಡಲ ಸಂಸ್ಥೆ ಹಡಗುಗಳ ನಿವ್ವಳ ಹಸಿರುಮನೆ ಅನಿಲ ಹೊರಸೂಸುವಿಕೆಯನ್ನು 2050ರ ಹೊತ್ತಿಗೆ ಸೊನ್ನೆಗೆ ಇಳಿಸಬೇಕೆಂದು 2023ರಲ್ಲಿ ಗುರಿ ಇಟ್ಟಿದೆ. ಈಗ ನೀರಿಗಿಳಿದ ಹಡಗು ಆಗಲೂ ಓಡುತ್ತಿರುತ್ತದೆ. ಹಾಗಾಗಿಯೇ ಹಡಗು ಕಟ್ಟಿಸುವವರಿಗೆ ಅವಸರ.

ಮೀನುಗಾರನ ಅವಸರ ಬೇರೆ. ರಾಜ್ಯ ಸರ್ಕಾರ 2023ರ ಬಜೆಟ್‌ನಲ್ಲಿ ತೆರಿಗೆರಹಿತ ಡೀಸೆಲ್ ಕೋಟಾವನ್ನು ಒಂದೂವರೆ ಲಕ್ಷದಿಂದ ಎರಡು ಲಕ್ಷ ಕಿಲೋಲೀಟರ್‌ಗೆ ಏರಿಸಿತು. ನಾಡದೋಣಿಯವರು ಸೀಮೆಎಣ್ಣೆ ಎಂಜಿನ್ ಬಿಟ್ಟು ಪೆಟ್ರೋಲ್ ಇಲ್ಲವೇ ಡೀಸೆಲ್ ಎಂಜಿನ್‌ಗೆ ಬರಲಿ ಎಂದು ತಲಾ 50,000 ರೂಪಾಯಿ ಸಹಾಯಧನ ಘೋಷಿಸಿತು. ಸೀಮೆಎಣ್ಣೆಯ ಹೊಗೆ, ಸಕಾಲಕ್ಕೆ ಸಿಗದ ಗೋಳು ಎರಡನ್ನೂ ಕಂಡವರಿಗೆ ಇದು ಸಣ್ಣ ಮಾತಲ್ಲ. ಆದರೂ ಒಂದು ಎಣ್ಣೆಯಿಂದ ಇನ್ನೊಂದು ಎಣ್ಣೆಗೆ ದಾಟಿದ್ದಷ್ಟೇ. ಬ್ಯಾಟರಿಗೆ ಹೊಂದುವುದು ಆಳಸಮುದ್ರದ ಬೋಟಲ್ಲ. ನಸುಕಿಗೆ ಹೋಗಿ ಮಧ್ಯಾಹ್ನಕ್ಕೆ ಮರಳುವ ಈ ನಾಡದೋಣಿ. ಕೇರಳದ ವೈಕಂನಲ್ಲಿ 75 ಜನರನ್ನು ಹೊರುವ ಪ್ರಯಾಣಿಕ ದೋಣಿ 'ಆದಿತ್ಯ' 2017ರಿಂದ ಹೆಚ್ಚಾಗಿ ಸೂರ್ಯನ ಬಿಸಿಲಿನಲ್ಲೇ ಓಡಾಡುತ್ತಿದೆ. ಅದು ಹಿನ್ನೀರು, ಇದು ಅಲೆಯೇಳುವ ಕಡಲು ಎಂಬುದು ನಿಜ. ಆದರೆ ಪರೀಕ್ಷೆಗೆ ನಾಲ್ಕು ದೋಣಿ, ಧಕ್ಕೆಯಲ್ಲೊಂದು ಚಾರ್ಜಿಂಗ್ ಪಾಯಿಂಟು ಇಟ್ಟು ನೋಡಲು ಎರಡು ಲಕ್ಷ ಕಿಲೋಲೀಟರ್ ಡೀಸೆಲ್‌ನ ರಿಯಾಯಿತಿಯಲ್ಲಿ ಚೂರು ಸಾಕು.

ಬಲೆಯ ತೂತು ಹೊಲಿಯುತ್ತಿದ್ದ ನಾಡದೋಣಿಯವರೊಬ್ಬರ ಮುಂದೆ ಇದನ್ನೇ ಇಟ್ಟೆ. ಪೂರ್ತಿ ಕೇಳಿಸಿಕೊಂಡರು. "ಆಗ್ಲಿ. ಮಳೆಗಾಲದ ಬಂಗುಡೆ ಬರುವಾಗ್ಲೇ ಅದು ಕೆಟ್ಟು ನಿಂತ್ರೆ, ಆ ವರ್ಷದ ಸಾಲ ಯಾರು ಕಟ್ಟುದು?" ಎಂದರು.